ಮಾಗಡಿಯ ವೆಲ್ಡಿಂಗ್ ಅಂಗಡಿಗಳು ಯಾರ ಲೆಕ್ಕಕ್ಕೆ?

ಪರವಾನಗಿ ಕೊಡುವವರಿಗೆ, ಕರೆಂಟು ಕೊಡುವವರಿಗೆ, ಗ್ರಿಲ್ಲು ಗೇಟು ಮಾಡಿಸಿಕೊಳ್ಳುವ ಮಾಗಡಿ ತಾಲ್ಲೂಕಿನ ಸಮಸ್ತರಿಗೆ ಒಂದು ಬಹಿರಂಗ ಪತ್ರ



ಮಾಗಡಿ ಪೇಟೆಯಿಂದ ಬೆಂಗಳೂರು ರಸ್ತೆ ಹಿಡಿಯಿರಿ, ಕುದೂರಿನ ಕಡೆ ಹೊರಡಿ, ಇಲ್ಲವೇ ರಾಮನಗರದ ದಾರಿಗೆ ತಿರುಗಿ. ಎಲ್ಲಿ ಹೋದರೂ ರಸ್ತೆಯಂಚಿನ ತಗಡಿನ ಶೀಟಿನ ಕೆಳಗೆ ನೀಲಿ ಬೆಳಕು ಚಿಮ್ಮುತ್ತಿರುವುದು ಕಾಣುತ್ತದೆ. ಅಂಥದೇ ಒಂದು ಅಂಗಡಿ ನನ್ನದು. ಕಿಟಕಿ ಗ್ರಿಲ್ಲು, ಗೇಟು, ರೋಲಿಂಗ್ ಶಟರ್, ಟ್ರಾಕ್ಟರ್ ಟ್ರೇಲರಿನ ರಿಪೇರಿ, ಕೊಟ್ಟಿಗೆಯ ಕಂಬ, ನೀರಿನ ಟ್ಯಾಂಕರಿನ ಸೋರಿಕೆ, ಎಲ್ಲವನ್ನೂ ಮಾಡುತ್ತೇವೆ. ನನ್ನ ದೂರು ಒಂದೇ. ಈ ಕೆಲಸದಲ್ಲಿ ಕಣ್ಣು, ಶ್ವಾಸಕೋಶ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಆದರೂ ಈ ಅಂಗಡಿಗಳ ಸುರಕ್ಷತೆ ನಮ್ಮ ಹೊಣೆ ಎಂದು ಹೇಳುವ ಒಂದು ಕಚೇರಿಯೂ ಇಲ್ಲ.

ಮೊದಲು ರಸ್ತೆಯಲ್ಲಿ ಓಡಾಡುವವರ ವಿಚಾರ. ನಮ್ಮ ಬಹುಪಾಲು ಅಂಗಡಿಗಳಲ್ಲಿ ಒಳಗೆ ಜಾಗವಿಲ್ಲ. ಹದಿನೈದು ಅಡಿ ಉದ್ದದ ಗೇಟನ್ನು ಫುಟ್‌ಪಾತಿನ ಮೇಲೆ ಮಲಗಿಸಿಯೇ ಬೆಸೆಯಬೇಕು. ಶಾಲೆ ಬಿಟ್ಟ ಮಕ್ಕಳು ನಿಂತು ನೋಡುತ್ತಾರೆ, ಬಸ್ಸಿಗೆ ಕಾಯುವವರು ನೋಡುತ್ತಾರೆ. ಆ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣವಿದೆ. ಅದು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಸುಡುತ್ತದೆ. ಸುಟ್ಟಿದ್ದು ಆಗಲೇ ಗೊತ್ತಾಗುವುದೂ ಇಲ್ಲ. ಆರು ಗಂಟೆಯೋ ಹನ್ನೆರಡು ಗಂಟೆಯೋ ಕಳೆದ ಮೇಲೆ, ಸಾಮಾನ್ಯವಾಗಿ ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ತುಂಬಿದಂತಾಗಿ ನೀರು ಸುರಿಯಲು ಶುರುವಾಗುತ್ತದೆ. ಇದಕ್ಕೆ ನಮ್ಮವರು 'ಕಣ್ಣಿಗೆ ವೆಲ್ಡಿಂಗ್ ಹೊಡೀತು' ಅನ್ನುತ್ತಾರೆ. ಆಲೂಗಡ್ಡೆ ಹೋಳು ಇಡುತ್ತಾರೆ, ಹಸಿ ಹಾಲು ಬಿಡುತ್ತಾರೆ, ಬಾಣಂತಿಯ ಎದೆಹಾಲು ತಂದು ಹಾಕುವವರೂ ಇದ್ದಾರೆ. ಕಣ್ಣನ್ನು ಮತ್ತೆ ಬೆಳಕಿಗೆ ಒಡ್ಡದಿದ್ದರೆ ಒಂದೆರಡು ದಿನದಲ್ಲಿ ತಾನಾಗಿ ವಾಸಿಯಾಗುವ ಗಾಯ ಅದು. ಆ ವಾಸಿಯ ಕೀರ್ತಿ ಆಲೂಗಡ್ಡೆಗೆ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಮರಗಟ್ಟಿಸುವ ಕಣ್ಣಿನ ಹನಿ. ಯಾರೋ ಹೇಳಿದರೆಂದು ಹುಡುಗರು ಚೀಟಿಯಿಲ್ಲದೆ ಅದನ್ನು ತಂದು ನೋವಾದಾಗಲೆಲ್ಲ ಬಿಟ್ಟುಕೊಂಡು ಮರುದಿನವೂ ಕೆಲಸಕ್ಕೆ ಕೂರುತ್ತಾರೆ. ಆ ಔಷಧಿ ವೈದ್ಯರು ಕಣ್ಣು ಪರೀಕ್ಷಿಸುವಾಗ ಒಂದು ಹನಿ ಬಳಸಲು ಇರುವಂಥದ್ದು. ಮೇಲಿಂದ ಮೇಲೆ ಹಾಕಿದರೆ ಗಾಯ ಮಾಯುವುದಿಲ್ಲ, ಪೊರೆಯಲ್ಲಿ ಹುಣ್ಣಾಗಿ ಶಾಶ್ವತವಾಗಿ ಮಂಜು ಕವಿಯಬಹುದು. ನನಗೆ ಗೊತ್ತಿರುವ ಒಬ್ಬ ಹುಡುಗ ಹೀಗೆಯೇ ಮಾಡಿಕೊಂಡು ಕೊನೆಗೆ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಓಡಾಡಬೇಕಾಯಿತು. ಅವನ ಕೆಲಸ ಗೇಟನ್ನು ಹಿಡಿದುಕೊಳ್ಳುವುದಷ್ಟೇ. ಹೆಲ್ಪರ್ ಕೈಗೆ ಯಾರೂ ಕಪ್ಪು ಗಾಜು ಕೊಟ್ಟಿರಲಿಲ್ಲ. ಅಂಗಡಿಗೆ ಇರುವುದು ಒಂದೇ ಶೀಲ್ಡ್, ಅದು ರಾಡ್ ಹಿಡಿದವನಿಗೆ. ಪಕ್ಕದವನು ಮುಖ ತಿರುಗಿಸಿಕೊಳ್ಳಬೇಕು, ಇಲ್ಲವೇ ಜಾತ್ರೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸ್ ಹಾಕಿಕೊಳ್ಳಬೇಕು. ನಾವು ದಿನಾ ಬಳಸುವ 2.5 ಮತ್ತು 3.15 ಎಂಎಂ ರಾಡಿಗೆ ಬೇಕಾದದ್ದು 10ನೇ ನಂಬರಿನ ಆಸುಪಾಸಿನ ಕಪ್ಪು ಗಾಜು. ಅದರ ಮುಂದೆ ಕೂಲಿಂಗ್ ಗ್ಲಾಸ್ ಏನೇನೂ ಅಲ್ಲ. ಸರಿಯಾದ ಕೈಶೀಲ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಸ್ತೆಯ ಕಡೆಗೊಂದು ದಪ್ಪನೆಯ, ಬೆಂಕಿ ಹತ್ತದ ಪರದೆ ಇಳಿಬಿಟ್ಟರೆ ದಾರಿಹೋಕರ ಕಣ್ಣೂ ಉಳಿಯುತ್ತದೆ.

ಇನ್ನು ಮಿಷನ್ನಿನ ವಿಚಾರಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಸಾವು ಬರುವುದು ಹೆಚ್ಚಾಗಿ ಇಲ್ಲಿಂದಲೇ. ವೆಲ್ಡಿಂಗ್ ಮಿಷನ್ನಿನಿಂದ ಎರಡು ದಪ್ಪ ಕೇಬಲ್ ಹೊರಡುತ್ತವೆ. ಒಂದು ರಾಡ್ ಹಿಡಿಯುವ ಹೋಲ್ಡರಿಗೆ, ಇನ್ನೊಂದು ಕೆಲಸದ ಕಬ್ಬಿಣಕ್ಕೆ ಕಚ್ಚಿಸುವ ಕ್ಲಾಂಪಿಗೆ. ಆ ಕ್ಲಾಂಪ್ ಹಾಕಿದರೆ ಅರ್ಥಿಂಗ್ ಆಯಿತೆಂದು ಎಷ್ಟೋ ಜನ ನಂಬಿದ್ದಾರೆ. ಆಗಿಲ್ಲ. ಹೋಲ್ಡರಿನಿಂದ ಹೊರಟ ನೂರಾರು ಆಂಪಿಯರ್ ಕರೆಂಟು ಮಿಷನ್ನಿಗೆ ವಾಪಸು ಬರುವ ದಾರಿ ಅದು, ಅಷ್ಟೇ. ಮಿಷನ್ನಿನ ಒಳಗಿನ ವೈಂಡಿಂಗ್ ಸುಟ್ಟು 230 ಅಥವಾ 415 ವೋಲ್ಟ್ ನೇರವಾಗಿ ಅದರ ಮೈಗೆ ಬಂದರೆ ಪ್ರಾಣ ಉಳಿಸುವುದು ಬೇರೆಯೇ ತಂತಿ. ಮಿಷನ್ನಿನ ಬಾಡಿಯಿಂದ ಅರ್ಥ್ ಗುಂಡಿಗೆ ಹೋಗುವ ತಂತಿ ಅದು. ಅನೇಕ ಕಡೆ ಅದೇ ಇರುವುದಿಲ್ಲ. ಪ್ಲಗ್ಗಿನ ಮೂರನೆಯ ಪಿನ್ನು ಮುರಿದಿರುತ್ತದೆ, ಇಲ್ಲವೇ ಪ್ಲಗ್ಗೇ ಇಲ್ಲದೆ ಬರಿಯ ವೈರುಗಳನ್ನು ಸಾಕೆಟ್ಟಿನೊಳಗೆ ಬೆಂಕಿಕಡ್ಡಿಯಿಂದ ಬಿಗಿದಿರುತ್ತಾರೆ.

ಕ್ಲಾಂಪನ್ನು ಬೆಸೆಯುವ ಜಾಗದ ಹತ್ತಿರವೇ ಹಾಕಬೇಕು ಎಂಬುದಕ್ಕೂ ಕಾರಣವಿದೆ. ಕಟ್ಟುತ್ತಿರುವ ಮನೆಯ ಕೆಳಗೆಲ್ಲೋ ಒಂದು ಸರಳಿಗೆ ಕ್ಲಾಂಪ್ ಕಚ್ಚಿಸಿ ಮಹಡಿಯ ಮೇಲೆ ಬೆಸೆದರೆ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಪಿಲ್ಲರಿನ ಸರಳು, ನೀರಿನ ಪೈಪು, ಮನೆಯ ವೈರಿಂಗಿನ ತೆಳ್ಳನೆಯ ಅರ್ಥ್ ತಂತಿ, ಯಾವುದಾದರೂ ಸರಿ. ತೆಳ್ಳನೆಯ ತಂತಿ ಸುಟ್ಟುಹೋದದ್ದು ಯಾರಿಗೂ ಕಾಣುವುದಿಲ್ಲ, ಆ ಮನೆಗೆ ಅರ್ಥಿಂಗೇ ಇಲ್ಲವಾಗುತ್ತದೆ. ರಾಡಿನ ತುದಿಯಲ್ಲಿ ಬೆಸೆಯುವಾಗ 20ರಿಂದ 30 ವೋಲ್ಟ್ ಮಾತ್ರ ಇದ್ದರೂ, ಬೆಸೆಯದೆ ಸುಮ್ಮನೆ ಹಿಡಿದಿರುವಾಗ 50ರಿಂದ 80 ವೋಲ್ಟ್ ಇರುತ್ತದೆ. ಒಣ ಕೈಗೆ, ಒಣ ಬೂಟಿಗೆ ಅದು 'ಜುಮ್' ಅನ್ನುವಷ್ಟೇ. ಮಳೆಗಾಲದಲ್ಲಿ ಬೆವರಿದ ಮೈ, ಹವಾಯಿ ಚಪ್ಪಲಿ, ಒದ್ದೆ ನೆಲ, ಎರಡೂ ಮಗ್ಗುಲಿಗೆ ಕಬ್ಬಿಣ ತಾಗಿದ ಇಕ್ಕಟ್ಟಿನ ಟ್ಯಾಂಕರಿನೊಳಗೆ ಅದೇ 80 ವೋಲ್ಟ್ ಎದೆಬಡಿತ ನಿಲ್ಲಿಸಬಲ್ಲದು.

ಈಗ ಐದಾರು ಕಿಲೋ ತೂಕದ ಇನ್ವರ್ಟರ್ ಮಿಷನ್ನು ಬಂದಿದೆ. ಹೆಗಲಿಗೆ ನೇತುಹಾಕಿಕೊಂಡು ಬೈಕಿನಲ್ಲಿ ಹೋಗಬಹುದು. ರೈತರೂ ಕೊಂಡು ಮನೆಯಲ್ಲಿ ಇಟ್ಟುಕೊಂಡಿದ್ದಾರೆ, ನೇಗಿಲು ಮುರಿದರೆ ಪೇಟೆಗೆ ಓಡುವುದು ತಪ್ಪಿತಲ್ಲ ಎಂದು. ಒಳ್ಳೆಯದೇ. ಆದರೆ ಮಾರುವವರು ಅರ್ಥಿಂಗಿನ ಬಗ್ಗೆ ಒಂದು ಮಾತು ಹೇಳುವುದಿಲ್ಲ, ಡಬ್ಬಿಯೊಳಗಿನ ಪುಸ್ತಕ ಕನ್ನಡದಲ್ಲಿ ಇರುವುದಿಲ್ಲ. ತೋಟದಲ್ಲಿ ಬೋರ್‌ವೆಲ್ ಸ್ಟಾರ್ಟರಿನ ಬಾಯಿ ಬಿಚ್ಚಿ ಕರೆಂಟು ತೆಗೆಯುತ್ತಾರೆ, ಮನೆ ಕಟ್ಟುವ ಕಡೆ ಕಂಬದ ಲೈನಿಗೇ ಕೊಕ್ಕೆ ಹಾಕುತ್ತಾರೆ. ಕೊಕ್ಕೆ ಹಾಕಿದ ಕಡೆ ಕರೆಂಟು ಮಿತಿಮೀರಿದರೆ ಕಡಿಯುವ ಎಂಸಿಬಿಯೂ ಇಲ್ಲ, 30 ಮಿಲಿ ಆಂಪಿಯರ್ ಸೋರಿದರೆ ಕಡಿದು ಬೀಳುವ ಆರ್‌ಸಿಸಿಬಿಯೂ ಇಲ್ಲ.

ಹೊಗೆಯ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಜಿಐ ಪೈಪ್ ಬೆಸೆದ ದಿನ ರಾತ್ರಿ ಚಳಿಜ್ವರ ಬಂದು ಮರುದಿನ ಬಿಟ್ಟುಹೋಗುತ್ತದಲ್ಲ, ಅದು ಪೈಪಿನ ಮೇಲಿನ ಸತುವು ಸುಟ್ಟ ಹೊಗೆಯಿಂದ. ಬೆಲ್ಲ ತಿಂದರೆ ಸರಿಹೋಗುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಬೀಡಿ, ಸಿಗರೇಟಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. 2019ರಲ್ಲಿ ಬ್ರಿಟನ್ ಸಾಧಾರಣ ಕಬ್ಬಿಣದ ಬೆಸುಗೆಗೂ ಹೊಗೆ ಹೀರುವ ವ್ಯವಸ್ಥೆ ಬೇಕೆಂದು ನಿಯಮ ಬಿಗಿ ಮಾಡಿತು. ನಮ್ಮಲ್ಲಿ ಮೂಗಿಗೊಂದು ಟವೆಲ್ ಸುತ್ತಿಕೊಳ್ಳುತ್ತೇವೆ.

ಬೆಂಕಿಯ ವಿಚಾರ ಮಾತ್ರ ರಾಗಿ ಬೆಳೆಯುವ ಈ ಸೀಮೆಗೆ ಹತ್ತಿರದ್ದು. ಕಟಿಂಗಿನ, ಬೆಸುಗೆಯ ಕಿಡಿ ಸುಮಾರು 35 ಅಡಿ ದೂರ ಹಾರಬಲ್ಲದು. ಹಳ್ಳಿಯಲ್ಲಿ ಟ್ರೇಲರ್ ರಿಪೇರಿ ಮಾಡುವುದು ಹಿತ್ತಿಲಲ್ಲಿ, ಪಕ್ಕದಲ್ಲೇ ರಾಗಿ ಹುಲ್ಲಿನ ಮೆದೆ. ಕಿಡಿ ಹುಲ್ಲಿನೊಳಗೆ ಹೊಕ್ಕು ಹೊಗೆಯಾಡದೆ ಕೂತು, ಕೆಲಸದವರು ಮಿಷನ್ನು ಕಟ್ಟಿಕೊಂಡು ಹೋದ ಮೇಲೆ ಹೊತ್ತಿಕೊಳ್ಳಬಹುದು. ಅದಕ್ಕೇ ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಒಬ್ಬರು ಅಲ್ಲೇ ಕಾಯಬೇಕೆಂಬ ಪದ್ಧತಿ ಇರುವುದು. 1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯುಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಮೇಲಿನ ರಸ್ತೆಯಲ್ಲಿ ಬೆಸೆಯುತ್ತಿದ್ದಾಗ ಕರಗಿದ ಲೋಹದ ಹನಿಗಳು ಕೆಳಗಿನ ಚಾವಣಿಯೊಳಕ್ಕೆ ಬಿದ್ದು ಬೆಂಕಿ ಹೊತ್ತಿ 17 ಜನ ಸತ್ತರು. ಅಷ್ಟೆಲ್ಲ ಅನುಕೂಲವಿದ್ದ ಜಾಗದಲ್ಲೇ ಹಾಗಾಯಿತು. ಡೀಸೆಲ್ ಡ್ರಮ್ಮು, ಬೈಕಿನ ಪೆಟ್ರೋಲ್ ಟ್ಯಾಂಕ್ ತಂದು 'ಖಾಲಿ ಇದೆ, ಒಂದು ಟ್ಯಾಕ್ ಹೊಡಿ' ಅನ್ನುವ ಗಿರಾಕಿಗಳಿಗೆ ಇಲ್ಲೇ ಹೇಳಿಬಿಡುತ್ತೇನೆ: ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮು ಅಪಾಯ. ಒಳಗೆ ಉಳಿದ ಆವಿಯೇ ಸಿಡಿಯುವುದು.

ಇಷ್ಟೆಲ್ಲ ಅಪಾಯ ಗೊತ್ತಿದ್ದೂ ಏಕೆ ಯಾರೂ ಕೇಳುವುದಿಲ್ಲ? ಕಾನೂನು ತಲೆ ಎಣಿಸುತ್ತದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆಯಾಗುತ್ತಿತ್ತು. 2020ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ 10ನ್ನು 20ಕ್ಕೆ ಏರಿಸಿತು. ನಮ್ಮ ಅಂಗಡಿಗಳಲ್ಲಿ ಇರುವುದು ಇಬ್ಬರು, ಹೆಚ್ಚೆಂದರೆ ನಾಲ್ವರು. ಬಿಡದಿಯ ದೊಡ್ಡ ಕಾರ್ಖಾನೆಯೊಳಗೆ ಬೆಸೆಯುವವನಿಗೆ ಹೆಲ್ಮೆಟ್ಟು, ಚರ್ಮದ ಏಪ್ರನ್ನು, ಹೊಗೆ ಹೀರುವ ಕೊಳವೆ. ಅದೇ ಜಿಲ್ಲೆಯಲ್ಲಿ, ಅದೇ ಬೆಳಕಿನ ಮುಂದೆ ಕೂರುವ ನಮ್ಮ ಹುಡುಗನಿಗೆ ಏನೂ ಇಲ್ಲ. ಆದರೆ ಅದೇ ಸಂಹಿತೆಯಲ್ಲಿ ಒಂದು ಬಾಗಿಲು ಇದೆ. ಪ್ರಾಣಾಪಾಯದ ಕೆಲಸವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಈ ತಲೆ ಎಣಿಕೆ ಅನ್ವಯಿಸುವುದಿಲ್ಲ. ಸಣ್ಣ ವೆಲ್ಡಿಂಗ್ ಅಂಗಡಿಗಳನ್ನು ಆ ಪಟ್ಟಿಗೆ ಸೇರಿಸಿ ಎಂದು ರಾಜ್ಯ ಸರ್ಕಾರ ಬರೆಯಲಿ, ನಮ್ಮ ಶಾಸಕರು ಸಂಸದರು ಕೇಳಲಿ.

ಯೋಜನೆಗಳದ್ದೂ ಇದೇ ಕತೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರ ಇದ್ದಾನೆ, ಬೀಗ ಮಾಡುವವನು ಇದ್ದಾನೆ, ವೆಲ್ಡರ್ ಇಲ್ಲ. ಕಬ್ಬಿಣದ ಕೆಲಸ ಈ ಸೀಮೆಗೆ ಹೊಸದಲ್ಲ. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಾಗಡಿ ಬಳಿಯ ಘಟ್ಟಿಪುರದಲ್ಲಿ ಕಬ್ಬಿಣ ಕರಗಿಸುವುದನ್ನು ಕಂಡು ವಿವರವಾಗಿ ಬರೆದಿದ್ದಾನೆ. ಕುಲುಮೆ ಆರಿದ ಎಷ್ಟೋ ಮನೆಗಳ ಮಕ್ಕಳೇ ಇಂದು ಹೋಲ್ಡರ್ ಹಿಡಿದಿರುವುದು. ತಿದಿ ಒತ್ತಿದ ಅಪ್ಪನಿಗೆ ತರಬೇತಿ, ಸಲಕರಣೆ ಸಿಗುವುದಾದರೆ ಮಗನಿಗೆ ಏಕಿಲ್ಲ?

ನಾನು ದಂಡ ಹಾಕಿ, ಅಂಗಡಿ ಮುಚ್ಚಿಸಿ ಎಂದು ಬರೆಯುತ್ತಿಲ್ಲ. ಹಾಗೆ ಮಾಡಿದರೆ ಕೆಲಸ ಹಿಂಬದಿಯ ಕತ್ತಲೆ ಶೆಡ್ಡಿಗೆ ಹೋಗುತ್ತದೆ, ಅಲ್ಲಿ ಹೊಗೆ ಇನ್ನೂ ಹೆಚ್ಚು. ಉದ್ದಿಮೆ ಪರವಾನಗಿ ಕೊಡುವಾಗ, ನವೀಕರಿಸುವಾಗ ಒಮ್ಮೆ ಅಂಗಡಿಗೆ ಬಂದು ನೋಡಿ. ಮಿಷನ್ನಿನ ಬಾಡಿಗೆ ಅರ್ಥಿಂಗ್ ಇದೆಯೇ, ಆರ್‌ಸಿಸಿಬಿ ಕೆಲಸ ಮಾಡುತ್ತದೆಯೇ, ರಸ್ತೆ ಕಡೆಗೆ ಪರದೆ, ಕೈಗೆಟುಕುವಲ್ಲಿ ಮರಳಿನ ಬಕೆಟ್ಟು, ಹೆಲ್ಪರಿಗೂ ಒಂದು ಗಾಜು ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ತಿಂಗಳ ಗಡುವು ಕೊಡಿ. ವೆಲ್ಡಿಂಗ್ ಸುರಕ್ಷತೆಗೆ ಐಎಸ್ 818, ಬೆಂಕಿಯ ಎಚ್ಚರಿಕೆಗೆ ಐಎಸ್ 3016 ಎಂಬ ಭಾರತೀಯ ಮಾನಕಗಳು ಹಿಂದಿನಿಂದಲೂ ಇವೆ. ಅವುಗಳ ಸಾರವನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಪರವಾನಗಿಯ ಜೊತೆಗೇ ಕೊಡಿ, ನಾವು ಗೋಡೆಗೆ ಅಂಟಿಸುತ್ತೇವೆ. ಕರೆಂಟು ಕೊಡುವವರು ಮನೆ ಕಟ್ಟುವ ಜಾಗಕ್ಕೆ ತಾತ್ಕಾಲಿಕ ಸಂಪರ್ಕವನ್ನು ಬೇಗ ಕೊಟ್ಟರೆ ಕೊಕ್ಕೆ ಹಾಕುವ ಪ್ರಸಂಗ ಕಡಿಮೆಯಾಗುತ್ತದೆ. ಐಟಿಐಯಲ್ಲಿ ವೆಲ್ಡರ್ ಕೋರ್ಸ್ ಒಂದು ವರ್ಷದ್ದು, ಎಂಟನೇ ತರಗತಿ ಪಾಸಾದವರೂ ಸೇರಬಹುದು. ಆದರೆ ಸಂಸಾರ ಹೊತ್ತವನು ಒಂದು ವರ್ಷ ಕೂಲಿ ಬಿಟ್ಟು ಕೂರಲಾರ. ಭಾನುವಾರಗಳಲ್ಲಿ ನಾಲ್ಕು ಪಾಠ ಮಾಡಿದರೂ ಸಾಕು, ನಾವು ಬರುತ್ತೇವೆ.

ನಮ್ಮ ಕಸುಬಿನವರಿಗೂ ಒಂದು ಮಾತು. ಕಟ್ಟಡಗಳಲ್ಲಿ ಗ್ರಿಲ್ಲು ಕೂರಿಸುವವರು, ಬೆಸೆಯುವವರು ವರ್ಷದಲ್ಲಿ 90 ದಿನ ಆ ಕೆಲಸ ಮಾಡಿದ್ದರೆ, ವಯಸ್ಸು 18ರಿಂದ 60ರೊಳಗಿದ್ದರೆ, ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಕಾರ್ಮಿಕ ಇಲಾಖೆ ಮಾಗಡಿ, ಕುದೂರು, ಸೋಲೂರಿನಲ್ಲಿ ಒಂದೊಂದು ದಿನ ಶಿಬಿರ ನಡೆಸಲಿ. ಹದಿನಾಲ್ಕು ಹದಿನೈದರ ಮಕ್ಕಳನ್ನು 'ಕೆಲಸ ಕಲಿಯಲಿ' ಎಂದು ನಮ್ಮ ಅಂಗಡಿಗಳಿಗೆ ತಂದುಬಿಡುವ ಅಪ್ಪ ಅಮ್ಮಂದಿರು ದಯವಿಟ್ಟು ತಡೆಯಿರಿ. ಓದು ಮುಗಿಸಿ ಹದಿನೆಂಟು ತುಂಬಿದ ಮೇಲೆ ಕಳಿಸಿ, ಪ್ರೀತಿಯಿಂದ ಕಲಿಸುತ್ತೇವೆ.

ಕೊನೆಗೆ ಗಿರಾಕಿಗಳಿಗೆ. ನೀವು ಕೆಜಿ ಲೆಕ್ಕದಲ್ಲಿ ರೇಟು ಕೇಳುತ್ತೀರಿ, ಎರಡು ರೂಪಾಯಿ ಕಡಿಮೆ ಹೇಳಿದವನಿಗೆ ಕೆಲಸ ಕೊಡುತ್ತೀರಿ, ಗೃಹಪ್ರವೇಶಕ್ಕೆ ಮೂರು ದಿನ ಇರುವಾಗ ರಾತ್ರಿಯೆಲ್ಲ ಕೂರಿಸಿ ಮುಗಿಸಿ ಅನ್ನುತ್ತೀರಿ. ಆ ಎರಡು ರೂಪಾಯಿ ಕಡಿತವಾಗುವುದು ಕೈಗವಸಿನಲ್ಲಿ, ಗಾಜಿನಲ್ಲಿ, ಅರ್ಥಿಂಗಿನಲ್ಲಿ. ನಿಮ್ಮ ಮನೆಗೆ ಮಿಷನ್ನು ಹೊತ್ತು ಬಂದ ಹುಡುಗನ ಬಳಿ ಶೀಲ್ಡ್, ಚರ್ಮದ ಕೈಗವಸು, ಬೂಟು ಇಲ್ಲದಿದ್ದರೆ, ಮಿಷನ್ನಿಗೆ ಅರ್ಥಿಂಗ್ ಕೊಡಲು ನಿಮ್ಮ ಮನೆಯಲ್ಲಿ ಜಾಗವಿಲ್ಲದಿದ್ದರೆ, ಕೆಲಸ ಶುರು ಮಾಡಲು ಬಿಡಬೇಡಿ. ಅವೆಲ್ಲ ತಂದ ಮೇಲೆ ಮಾಡಿಸಿ, ಅದರ ಖರ್ಚು ಸೇರಿಸಿಯೇ ದುಡ್ಡು ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಮಾಗಡಿಯ ಒಬ್ಬ ವೆಲ್ಡಿಂಗ್ ಅಂಗಡಿಯವನು