ತಬಲಾ ಬಾರಿಸಿದವನ ಹೆಸರು ಎಲ್ಲಿ?

ಒಂದು ಆಲ್ಬಂ ಬಗ್ಗೆ ಐವತ್ತು ವರ್ಷಗಳಿಂದ ಜಗಳ ನಡೆದಿದೆ. ಒಂದು ಗುಂಪು ಅದನ್ನು ಕಸ ಎನ್ನುತ್ತದೆ. ಇನ್ನೊಂದು ಗುಂಪು ಮಹಾಕೃತಿ ಎನ್ನುತ್ತದೆ. ನಮ್ಮ ತಕರಾರು ಇರುವುದು ಎರಡೂ ಗುಂಪುಗಳ ಮೇಲೆ.

ಆಲ್ಬಂ ಹೆಸರು 'ಆನ್ ದಿ ಕಾರ್ನರ್', ಅಂದರೆ ಬೀದಿ ಮೂಲೆಯಲ್ಲಿ. ಅಮೆರಿಕದ ಕಪ್ಪು ಜನಾಂಗದ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅದನ್ನು 1972ರ ಜೂನ್ ಮತ್ತು ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೊಲಂಬಿಯಾ ಕಂಪನಿ ಬಿಡುಗಡೆ ಮಾಡಿತು. ಜಾಝ್ ಸಂಗೀತದಲ್ಲಿ ಇಷ್ಟು ಬೈಗುಳ ತಿಂದ ಆಲ್ಬಂ ಇನ್ನೊಂದಿಲ್ಲ ಎನ್ನುವಷ್ಟರ ಮಟ್ಟಿಗೆ ಅದು ಬೈಗುಳ ತಿಂದಿದೆ.

ನ್ಯೂಯಾರ್ಕಿನ ಹಳೇ ರೆಕಾರ್ಡು ನಮಗ್ಯಾಕೆ ಎಂದು ನೀವು ಕೇಳಬಹುದು. ಅದರಲ್ಲಿ ತಬಲಾ ಇದೆ, ಸಿತಾರ್ ಇದೆ. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಒಂದು ಅನ್ಯಾಯ ಇದೆ. ಅಲ್ಲಿಗೆ ಆಮೇಲೆ ಬರುತ್ತೇವೆ.

ಮೊದಲು ಫಂಕ್ ಅಂದರೆ ಏನು ಎಂಬುದನ್ನು ಹೇಳಿಬಿಡೋಣ. ಅರವತ್ತರ ದಶಕದಲ್ಲಿ ಜೇಮ್ಸ್ ಬ್ರೌನ್ ಎಂಬ ಗಾಯಕ ತನ್ನ ತಂಡದವರಿಗೆ ಮೊದಲ ಪೆಟ್ಟಿನ ಮೇಲೆ ಭಾರ ಹಾಕಿ ಎಂದು ಕಲಿಸಿದ. ನಮ್ಮಲ್ಲಿ ಸಮ ಎನ್ನುತ್ತೇವಲ್ಲ, ಆವರ್ತ ತಿರುಗಿ ಬಂದು ಬೀಳುವ ಜಾಗ, ಹೆಚ್ಚು ಕಡಿಮೆ ಅದೇ. ಡ್ರಮ್, ಬಾಸ್ ಗಿಟಾರ್, ಗಿಟಾರ್ ಎಲ್ಲವೂ ತಮ್ಮ ತಮ್ಮ ಸಣ್ಣ ತುಣುಕನ್ನು ಬಿಡದೆ ನುಡಿಸುತ್ತಾ ಆ ಒಂದನೇ ಪೆಟ್ಟಿಗೆ ಬಂದು ಕೂಡಬೇಕು. ರಾಗ, ಸಾಹಿತ್ಯ ಎಲ್ಲ ಆಮೇಲೆ. ಕಾಲು ತಾನಾಗಿ ಅಲ್ಲಾಡಬೇಕು, ಅದು ಮೊದಲು.

ಮೈಲ್ಸ್ ಡೇವಿಸ್ ಆಗ 46ರ ಪ್ರಾಯದವರು. 1959ರಲ್ಲಿ ಅವರು ಮಾಡಿದ 'ಕೈಂಡ್ ಆಫ್ ಬ್ಲೂ' ಎಂಬ ತಣ್ಣನೆಯ, ಮೆಲುದನಿಯ ಆಲ್ಬಂ ಅನ್ನು ಜನ ದೇವರ ಪಟದಂತೆ ಇಟ್ಟುಕೊಂಡಿದ್ದರು. ಅಂಥ ಮನುಷ್ಯ ಜೇಮ್ಸ್ ಬ್ರೌನ್ ಮತ್ತು ಸ್ಲೈ ಸ್ಟೋನ್ ಅವರ ಫಂಕ್ ಕೇಳಿ ತಲೆ ಕೆಡಿಸಿಕೊಂಡರು. ಕಪ್ಪು ಯುವಕರು ತನ್ನನ್ನು ಕೇಳುತ್ತಿಲ್ಲ, ಅವರ ಬೀದಿಯ ಸಂಗೀತ ಮಾಡಬೇಕು ಎಂದು ಹೊರಟರು. ಮೂವರು ಡ್ರಮ್ಮರ್‌ಗಳು, ಕೀಬೋರ್ಡಿಗೆ ಮೂವರು, ತಬಲಾ, ಸಿತಾರ್, ತಂತಿಗೆ ವಿದ್ಯುತ್ ಹರಿಸಿದ ಗಿಟಾರ್, ಎಲ್ಲರನ್ನೂ ಕೂಡಿಸಿದರು. ನುಡಿಸಿದ್ದನ್ನೆಲ್ಲ ಟೇಪಿಗೆ ಇಳಿಸಿ, ಆಮೇಲೆ ನಿರ್ಮಾಪಕ ಟಿಯೋ ಮಸೆರೊ ಆ ಟೇಪನ್ನು ಕತ್ತರಿಸಿ ಅಂಟಿಸಿ ಆಲ್ಬಂ ಕಟ್ಟಿದರು. ಮೊದಲ ಬದಿಯಲ್ಲಿ ಸುಮಾರು ಇಪ್ಪತ್ತು ನಿಮಿಷ ಒಂದೇ ನಡೆ. ಟ್ರಂಪೆಟ್ಟು ಆಗೊಮ್ಮೆ ಈಗೊಮ್ಮೆ, ಅದೂ ವಾ-ವಾ ಪೆಡಲ್ ಹಾಯ್ದು ಗೊಣಗಿದ ಹಾಗೆ ಬರುತ್ತದೆ.

ಜಾಝ್ ವಿಮರ್ಶಕರಿಗೆ ರೇಗಿಹೋಯಿತು. ಒಂದೇ ಸಮನೆ ಅದನ್ನೇ ಬಾರಿಸ್ತಾರೆ, ಸ್ವರ ಬದಲಾಗೋದೇ ಇಲ್ಲ, ಸೋಲೊ ಎಲ್ಲಿ, ಮೈಲ್ಸ್ ಎಲ್ಲಿ ಎಂದರು. ದುಡ್ಡಿಗಾಗಿ ಮಾಡಿದ್ದು ಎಂದವರೂ ಇದ್ದರು. ದುಡ್ಡಂತೂ ಬರಲಿಲ್ಲ ಬಿಡಿ, ಆಲ್ಬಂ ಸರಿಯಾಗಿ ಮಾರಾಟವೇ ಆಗಲಿಲ್ಲ. ಮೈಲ್ಸ್ ಅದೇ ಅಕ್ಟೋಬರ್‌ನಲ್ಲಿ ಕಾರು ಅಪಘಾತದಲ್ಲಿ ಎರಡೂ ಕಾಲು ಮುರಿದುಕೊಂಡು ಬಿದ್ದಿದ್ದರು.

ನಾವು ಈ ಆಲ್ಬಂ ಮೊದಲು ಕೇಳಿದಾಗ ನಮಗೂ ಅದೇ ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಡಿಪ್ಲೊಮಾ ಮುಗಿಸಿದ ಹೊಸತು. ಬೆಂಗಳೂರಿನ ಗೆಳೆಯ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟಿದ್ದ. ಮೊಬೈಲಿಗೆ ಹಾಕಿಕೊಂಡು ಸ್ಪೀಕರ್‌ನಲ್ಲಿ ಕೇಳಿದೆವು. ತಗಡಿನ ಡಬ್ಬಿ ಉರುಳಿಸಿದಂಗೆ ಆಯಿತು. ಐದು ನಿಮಿಷಕ್ಕೆ ನಿಲ್ಲಿಸಿದೆವು. ಆಮೇಲೆ ತಿಳಿದದ್ದು ಏನೆಂದರೆ, ಈ ಆಲ್ಬಂನ ಬೆನ್ನುಮೂಳೆಯೇ ಮೈಕಲ್ ಹೆಂಡರ್ಸನ್ ಅವರ ಬಾಸ್ ಗಿಟಾರ್. ಮೊಬೈಲ್ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲ! ಬೆನ್ನುಮೂಳೆ ಕಿತ್ತ ಹೆಣ ನೋಡಿ ಮನುಷ್ಯ ಚೆನ್ನಾಗಿಲ್ಲ ಎಂದ ಹಾಗಾಗಿತ್ತು ನಮ್ಮ ಅಭಿಪ್ರಾಯ. ಇಯರ್‌ಫೋನ್ ಇಲ್ಲದೆ ಇದನ್ನು ಕೇಳಿದ ಯಾರ ತೀರ್ಪನ್ನೂ ನಾವು ಒಪ್ಪುವುದಿಲ್ಲ, ನಮ್ಮದೂ ಸೇರಿ.

ಎರಡನೇ ಸಲ ಕೇಳಿದ್ದು ಶನಿವಾರದ ಭಜನೆ ಮುಗಿದ ಮೇಲೆ, ಹನುಮಪ್ಪನ ಗುಡಿ ಕಟ್ಟೆಯ ಮೇಲೆ, ಭಜನಾ ಮಂಡಳಿಯವರ ದೊಡ್ಡ ಸ್ಪೀಕರಿಗೆ ಹಚ್ಚಿ. ಮಂಡಳಿಯಲ್ಲಿ ತಬಲಾ ಬಾರಿಸುವ ಹಿರಿಯರು ಪಕ್ಕದಲ್ಲಿ ಎಲೆ-ಅಡಿಕೆ ಹಾಕಿಕೊಂಡು ಕೂತಿದ್ದರು.

"ಹಾಡು ಯಾವಾಗ ಚಾಲೂ ಆಗತೈತ್ರಿ ಸರ?" ಎಂದರು.

ಇದೇ ಹಾಡು ಅಂದೆವು. ಸುಮ್ಮನಾದರು. ಹತ್ತು ನಿಮಿಷಕ್ಕೆ ಅವರ ಬೆರಳು ಕಟ್ಟೆಯ ಕಲ್ಲಿನ ಮೇಲೆ ಆಡತೊಡಗಿತ್ತು. 'ಬ್ಲ್ಯಾಕ್ ಸ್ಯಾಟಿನ್' ಎಂಬ ಐದು ನಿಮಿಷದ ತುಣುಕು ಬಂತು. ಅದರಲ್ಲಿ ಸಿತಾರ್, ತಬಲಾ, ಚಪ್ಪಾಳೆ, ಸಿಳ್ಳೆ ಎಲ್ಲ ಇದೆ. ಹಿರಿಯರು ಕುತ್ತಿಗೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ: "ತಬಲಾ ಬಾರ್ಸಾಂವ ಯಾರ್ರಿ?"

ಐವತ್ತು ವರ್ಷದ ಜಗಳದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾವು ಕೇಳಿಲ್ಲ. ಯಾಕೆಂದರೆ 1972ರಲ್ಲಿ ಈ ಆಲ್ಬಂ ಕೊಂಡವರು ಅದೇ ಪ್ರಶ್ನೆ ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಕವರ್ ಮೇಲೆ ಕಾರ್ಕಿ ಮೆಕಾಯ್ ಬಿಡಿಸಿದ ಬೀದಿ ಜನರ ಬಣ್ಣದ ಚಿತ್ರಗಳಿದ್ದವು. ನುಡಿಸಿದವರ ಪಟ್ಟಿ ಮಾತ್ರ ಎಲ್ಲೂ ಇರಲಿಲ್ಲ.

ಅದು ಮುದ್ರಣದೋಷವಲ್ಲ. ಮೈಲ್ಸ್ ಬೇಕೆಂದೇ ಹೆಸರು ಬಿಡಿಸಿದ್ದರು. ಯಾರು ನುಡಿಸಿದ್ದಾರೆ, ಯಾವ ವಾದ್ಯ ಎಂದು ನೋಡಿ ವಿಮರ್ಶಕರು ಅಳತೆ ಹಾಕುತ್ತಾರೆ, ಹೆಸರಿಲ್ಲದಿದ್ದರೆ ಕಿವಿಯಿಂದ ಕೇಳಬೇಕಾಗುತ್ತದೆ ಎಂಬುದು ಅವರ ವಾದ. ಇದನ್ನು ಅವರ ಅಭಿಮಾನಿಗಳು ಇಂದಿಗೂ ದೊಡ್ಡ ಜಾಣತನ ಎಂದು ಹೊಗಳುತ್ತಾರೆ.

ನಾವು ಹೊಗಳುವುದಿಲ್ಲ. ಮೊದಲ ಬದಿಯ ನಾಲ್ಕು ಶೀರ್ಷಿಕೆಗಳಲ್ಲಿ ಒಂದರ ಹೆಸರು 'ವೋಟ್ ಫಾರ್ ಮೈಲ್ಸ್'. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆಯುತ್ತಿದ್ದ ವರ್ಷ ಅದು, ತಮಾಷೆಗೆ ಇಟ್ಟ ಹೆಸರಿರಬಹುದು. ಆದರೂ ನೋಡಿ, ಹೆಸರು ನೋಡದೆ ಕೇಳಿ ಎಂದವರು ತಮ್ಮ ಹೆಸರನ್ನು ಮಾತ್ರ ಹಾಡಿನ ಶೀರ್ಷಿಕೆಗೇ ಏರಿಸಿದ್ದಾರೆ. ಬಿಟ್ಟದ್ದು ಬೇರೆಯವರ ಹೆಸರು.

ನಮಗೆ ಇದು ಯಾಕೆ ಉರಿಯುತ್ತದೆ ಎಂದರೆ, ನಾವು ಸ್ಟ್ರಿಂಗರ್‌ಗಳು. ಬೈಕಿಗೆ ನಮ್ಮ ದುಡ್ಡಿನ ಪೆಟ್ರೋಲ್ ಹಾಕಿಕೊಂಡು, ಕೊಳವೆಬಾವಿ ಬತ್ತಿದ ಊರಿಗೆ ಹೋಗಿ, ಖಾಲಿ ಕೊಡ ಇಟ್ಟುಕೊಂಡ ಹೆಂಗಸರ ಜೊತೆ ಅರ್ಧ ದಿನ ಕೂತು, ಫೋಟೊ ತೆಗೆದು ಕಳಿಸುತ್ತೇವೆ. ಬೆಳಿಗ್ಗೆ ಪತ್ರಿಕೆಯಲ್ಲಿ 'ನಮ್ಮ ಪ್ರತಿನಿಧಿಯಿಂದ' ಎಂದಿರುತ್ತದೆ. ಒಮ್ಮೆ ಡೆಸ್ಕಿನಲ್ಲಿದ್ದವರೊಬ್ಬರ ಹೆಸರೇ ನಮ್ಮ ಸುದ್ದಿಯ ಮೇಲೆ ಬಂತು. ಕೇಳಿದ್ದಕ್ಕೆ, ಸುದ್ದಿ ಮುಖ್ಯ ಕಣ್ರೀ, ಹೆಸರು ಯಾಕೆ ಎಂದರು. ಹಾಗೆ ಹೇಳುವವರ ಹೆಸರು ಯಾವತ್ತೂ ಬಿಟ್ಟುಹೋಗಿರುವುದಿಲ್ಲ ಎಂಬುದನ್ನು ಹತ್ತು ವರ್ಷದಲ್ಲಿ ಗಮನಿಸಿದ್ದೇವೆ.

ಆ ತಬಲಾದವರು ಬಾದಲ್ ರಾಯ್. ಹುಟ್ಟಿದ್ದು 1939ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಕೊಮಿಲ್ಲಾದಲ್ಲಿ. 1968ರಲ್ಲಿ ಸಂಖ್ಯಾಶಾಸ್ತ್ರ ಓದಲು ನ್ಯೂಯಾರ್ಕಿಗೆ ಹೋದವರು, ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಕೆಲಸ ಮಾಡಿದರು. ಭಾರತೀಯ ಊಟದ ಹೋಟೆಲಿನಲ್ಲಿ ಸಂಜೆ ತಬಲಾ ಬಾರಿಸುತ್ತಿದ್ದಾಗ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ಕಿವಿಗೆ ಬಿದ್ದರು. ಆ ದಾರಿಯಿಂದ ಮೈಲ್ಸ್ ಬಳಿ ಬಂದರು. ಸ್ಟುಡಿಯೋದಲ್ಲಿ ಮೈಲ್ಸ್ ಅವರಿಗೇ ನೀನು ಶುರು ಮಾಡು ಎಂದರಂತೆ. ಯಾವ ತಾಳ, ಯಾವ ಲಯ, ಏನೂ ಹೇಳಲಿಲ್ಲ. ಘಟಾನುಘಟಿಗಳು ತುಂಬಿದ ಕೋಣೆಯಲ್ಲಿ ಈ ಮನುಷ್ಯ ತನಗೆ ತೋಚಿದ ಒಂದು ಠೇಕಾ ಹಿಡಿದರು, ಉಳಿದವರು ಅದರ ಮೇಲೆ ಕೂತರು. ಶುರು ಮಾಡಿದವನ ಹೆಸರನ್ನೇ ಕವರ್ ಮೇಲೆ ಹಾಕಲಿಲ್ಲ ಎಂದರೆ ಅದನ್ನು ಏನೆಂದು ಕರೆಯಬೇಕು?

ಸ್ಯಾಕ್ಸೊಫೋನ್ ನುಡಿಸಿದ ಡೇವ್ ಲೀಬ್ಮನ್ ಕಥೆ ಇನ್ನೂ ಮಜಾ. ಡಾಕ್ಟರ ಹತ್ತಿರ ಹೋಗಿದ್ದವರನ್ನು ಅಲ್ಲಿಗೇ ಸುದ್ದಿ ಕಳಿಸಿ ಕರೆಸಿದರು. ಓಡಿ ಬಂದವರನ್ನು ಕಿವಿಗೆ ಹೆಡ್‌ಫೋನ್ ಕೂಡ ಕೊಡದೆ ಮೈಕಿನ ಮುಂದೆ ನಿಲ್ಲಿಸಿದರು. ನುಡಿಸಿದ್ದು ಆಲ್ಬಂ ಸೇರಿತು, ಹೆಸರು ಸೇರಲಿಲ್ಲ.

ಈಗ ಎರಡನೇ ಗುಂಪಿಗೆ ಬರೋಣ. ತೊಂಬತ್ತರ ದಶಕದ ಹೊತ್ತಿಗೆ ಗಾಳಿ ತಿರುಗಿತು. ಹಿಪ್ ಹಾಪ್ ಮಾಡುವವರು, ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಇದರಲ್ಲಿ ತಮ್ಮ ಅಜ್ಜನನ್ನು ಕಂಡರು. ಒಂದೇ ತುಣುಕನ್ನು ಸುತ್ತಿಸುತ್ತಾ ಹೋಗುವುದು, ಟೇಪು ಕತ್ತರಿಸಿ ಜೋಡಿಸುವುದು ಎಲ್ಲ ಇಲ್ಲಿ ಆಗಲೇ ಇತ್ತು. 2007ರಲ್ಲಿ ಆ ಕಾಲದ ರೆಕಾರ್ಡಿಂಗ್‌ಗಳನ್ನೆಲ್ಲ ಸೇರಿಸಿ ಆರು ಸಿ.ಡಿ.ಗಳ ಪೆಟ್ಟಿಗೆಯೇ ಬಂತು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಕಾಲಕ್ಕಿಂತ ಮುಂದಿತ್ತು.

ಈ ಮಾತು ನಮಗೆ ಬೈಗುಳಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಯಾವ ಕಾಲಕ್ಕಿಂತ ಮುಂದೆ ಸ್ವಾಮಿ? ಜೇಮ್ಸ್ ಬ್ರೌನ್ ಏಳೆಂಟು ವರ್ಷದಿಂದ ಅದನ್ನೇ ಬಾರಿಸುತ್ತಿದ್ದ. ಸ್ಲೈ ಸ್ಟೋನ್ ಅವರ ದೊಡ್ಡ ಆಲ್ಬಂ 1971ರಲ್ಲೇ ಬಂದಿತ್ತು. ಹಾರ್ಲೆಮ್ಮಿನ ಬೀದಿಗೆ ಈ ಲಯ ದಿನದ ಅನ್ನದಂತೆ ಗೊತ್ತಿತ್ತು. ಆಲ್ಬಂ ತನ್ನ ಕಾಲದಲ್ಲೇ ಇತ್ತು, ಹಿಂದೆ ಉಳಿದಿದ್ದು ವಿಮರ್ಶಕರು. 'ಅಂದಿನ ಕೇಳುಗರು ತಿರಸ್ಕರಿಸಿದರು' ಎಂದು ಬರೆಯುವಾಗ ಯಾವ ಕೇಳುಗರು ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ತಿರಸ್ಕರಿಸಿದ್ದು ಕೈಯಲ್ಲಿ ಪೆನ್ನಿದ್ದವರು. ಯಾರಿಗಾಗಿ ಮಾಡಿದ್ದೋ ಆ ಹುಡುಗರಿಗೆ ಆಲ್ಬಂ ಮುಟ್ಟಲೇ ಇಲ್ಲ. ಕಂಪನಿ ಅದನ್ನು ಜಾಝ್ ಎಂದೇ ಮಾರಿತು, ಹಳೇ ಜಾಝ್ ರೇಡಿಯೊಗಳಿಗೇ ಕಳಿಸಿತು ಎಂದು ಮೈಲ್ಸ್ 1989ರ ಆತ್ಮಕಥೆಯಲ್ಲಿ ಬೈದುಕೊಂಡಿದ್ದಾರೆ. ಈ ಒಂದು ವಿಷಯದಲ್ಲಿ ನಾವು ಅವರ ಕಡೆ. ಊರಿನ ಜನರ ಅಭಿಪ್ರಾಯ ಕೇಳದೆ ಜಿಲ್ಲಾಕೇಂದ್ರದಲ್ಲಿ ಕೂತು 'ಗ್ರಾಮಸ್ಥರ ವಿರೋಧ' ಎಂದು ತಲೆಬರಹ ಕೊಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹಾಗಂತ ಆಲ್ಬಂ ಪೂರ್ತಿ ಬಂಗಾರ ಎಂದೂ ನಾವು ಹೇಳುವುದಿಲ್ಲ. 'ಬ್ಲ್ಯಾಕ್ ಸ್ಯಾಟಿನ್'ನ ನಡಿಗೆಯೇ ಎರಡನೇ ಬದಿಯಲ್ಲಿ ಮತ್ತೆ ಬರುತ್ತದೆ, ಇಪ್ಪತ್ಮೂರು ನಿಮಿಷದ ಕೊನೆಯ ತುಣುಕು ನಮಗೆ ಉದ್ದವಾಯಿತು. ಸಿತಾರ್ ಕೆಲವು ಕಡೆ ಒಗ್ಗರಣೆಗೆ ಹಾಕಿದ ಕರಿಬೇವಿನಂತಿದೆ, ಪರಿಮಳ ಉಂಟು, ತಿನ್ನುವವರಿಲ್ಲ. ಮೈಲ್ಸ್‌ಗೆ ಜರ್ಮನಿಯ ಸ್ಟಾಕ್‌ಹೌಸನ್ ಸಂಗೀತದ ರುಚಿ ಹತ್ತಿಸಿ, ಈ ಆಲ್ಬಂಗೆ ಜೊತೆಯಾದ ಪಾಲ್ ಬಕ್‌ಮಾಸ್ಟರ್ ಅವರೇ ಇದು ತನಗೆ ಅಷ್ಟು ಇಷ್ಟವಿಲ್ಲದ್ದು ಎಂದಿದ್ದುಂಟು. ಬೈದವರೆಲ್ಲ ಕಿವುಡರಲ್ಲ.

ಆದರೆ ಬೈದವರೂ ಹೊಗಳಿದವರೂ ಮಾಡಿದ ತಪ್ಪು ಒಂದೇ. ಒಬ್ಬರು ಮೈಲ್ಸ್ ಕೆಟ್ಟ ಎಂದರು, ಇನ್ನೊಬ್ಬರು ಮೈಲ್ಸ್ ಗೆದ್ದ ಎಂದರು. ಮೈಲ್ಸ್ ನುಡಿಸುವುದು ಕಡಿಮೆ ಇರುವ ಆಲ್ಬಂನಲ್ಲೂ ಮೈಲ್ಸ್ ಒಬ್ಬರೇ ಇವರಿಗೆ ಕಂಡದ್ದು. ಇಪ್ಪತ್ತು ನಿಮಿಷ ಕೈ ತಪ್ಪದೆ ಅದೇ ನಾಲ್ಕಾರು ಸ್ವರ ಹಿಡಿದು ನಿಂತ ಬಾಸ್‌ನವರು ಕಾಣಲಿಲ್ಲ. ಭಜನೆಯಲ್ಲಿ ತಾಳ ಹಿಡಿದವರಿಗೆ ಗೊತ್ತು, ಒಂದನ್ನೇ ಬಿಡದೆ ಹಿಡಿಯುವುದು ಎಷ್ಟು ಕಷ್ಟ ಎಂದು.

ಬಾದಲ್ ರಾಯ್ ಮತ್ತು ಮೈಕಲ್ ಹೆಂಡರ್ಸನ್ ಇಬ್ಬರೂ 2022ರಲ್ಲಿ ತೀರಿಕೊಂಡರು. ಆಮೇಲಿನ ಸಿ.ಡಿ.ಗಳಲ್ಲಿ ಹೆಸರುಗಳು ಬಂದವು ಅನ್ನುವುದು ನಿಜ. 1972ರಲ್ಲಿ ಬಿಟ್ಟದ್ದನ್ನು ನಾವು ಇಲ್ಲಿ ಬರೆಯುತ್ತೇವೆ. ಬಾಸ್ ಮೈಕಲ್ ಹೆಂಡರ್ಸನ್. ತಬಲಾ ಬಾದಲ್ ರಾಯ್. ಸಿತಾರ್ ಕಾಲಿನ್ ವಾಲ್ಕಾಟ್, ಖಲೀಲ್ ಬಾಲಕೃಷ್ಣ. ಡ್ರಮ್ ಜ್ಯಾಕ್ ಡಿಜಾನೆಟ್, ಬಿಲ್ಲಿ ಹಾರ್ಟ್, ಅಲ್ ಫಾಸ್ಟರ್. ಇತರ ತಾಳವಾದ್ಯ ಡಾನ್ ಅಲಿಯಾಸ್, ಎಂಟೂಮೆ. ಗಿಟಾರ್ ಜಾನ್ ಮೆಕ್‌ಲಾಫ್ಲಿನ್, ಡೇವಿಡ್ ಕ್ರೀಮರ್. ಕೀಬೋರ್ಡ್ ಹರ್ಬಿ ಹ್ಯಾಂಕಾಕ್, ಚಿಕ್ ಕೊರಿಯಾ, ಹೆರಾಲ್ಡ್ ವಿಲಿಯಮ್ಸ್. ಸ್ಯಾಕ್ಸೊಫೋನ್ ಡೇವ್ ಲೀಬ್ಮನ್, ಕಾರ್ಲೋಸ್ ಗಾರ್ನೆಟ್. ಬಾಸ್ ಕ್ಲಾರಿನೆಟ್ ಬೆನ್ನಿ ಮಾಪಿನ್. ಟ್ರಂಪೆಟ್ ಮೈಲ್ಸ್ ಡೇವಿಸ್.

ಕೇಳುವುದಾದರೆ 'ಬ್ಲ್ಯಾಕ್ ಸ್ಯಾಟಿನ್'ನಿಂದ ಶುರು ಮಾಡಿ, ಐದೇ ನಿಮಿಷ. ಇಯರ್‌ಫೋನ್ ಮರೆಯಬೇಡಿ. ಹಿಡಿಸದಿದ್ದರೆ ಬೈಯಿರಿ, ಆದರೆ ಯಾರ ಕೈ ನಿಮಗೆ ಹಿಡಿಸಲಿಲ್ಲ ಎಂದು ಹೆಸರು ಹಿಡಿದು ಬೈಯಿರಿ.