ದೆವ್ವದ ಸಿನಿಮಾ ಮತ್ತು ಕರೆಂಟಿನ ಗಿಟಾರು

ತೆಕ್ಕಟ್ಟೆಯ ಪರಿಚಿತರೊಬ್ಬರಿಗೆ ಮಗನದೇ ಚಿಂತೆ. ಪಿಯುಸಿ ಓದುವ ಮಾಣಿ ಹಗಲು ಹೆವಿ ಮೆಟಲ್ ಕೇಳುತ್ತಾನೆ, ರಾತ್ರಿ ದೆವ್ವದ ಸಿನಿಮಾ ನೋಡುತ್ತಾನೆ. ‘ಇದೆಂತ ಪದ್ಯವಾ, ಬೊಬ್ಬೆಯಾ ಮಾರಾಯ್ರೆ?’ ಎಂದು ಕೇಳಿದರು.

ದೆವ್ವಕ್ಕೂ ಈ ಸಂಗೀತಕ್ಕೂ ನೆಂಟಸ್ತಿಕೆ ಇರುವುದು ನಿಜ. ಇಟಲಿಯ ಮಾರಿಯೋ ಬಾವಾ 1963ರಲ್ಲಿ ಮಾಡಿದ ಭಯದ ಚಿತ್ರವೊಂದಕ್ಕೆ ಇಂಗ್ಲಿಷಿನಲ್ಲಿ ‘ಬ್ಲ್ಯಾಕ್ ಸಬ್ಬತ್’ ಎಂದು ಹೆಸರು. ಬರ್ಮಿಂಗ್‌ಹ್ಯಾಮಿನ ನಾಲ್ವರು ಹುಡುಗರು ತಮ್ಮ ತಂಡಕ್ಕೂ ಅದನ್ನೇ ಇಟ್ಟುಕೊಂಡರು. ಜನ ದುಡ್ಡು ಕೊಟ್ಟು ಹೆದರಲು ಟಾಕೀಸಿಗೆ ಹೋಗುತ್ತಾರಾದರೆ ಹೆದರಿಸುವ ಹಾಡನ್ನೂ ಕೇಳಿಯಾರು ಎಂಬ ಲೆಕ್ಕ! 1970ರ ಅವರ ಮೊದಲ ಆಲ್ಬಮ್ಮಿನ ಮೊದಲ ಹಾಡು ನಿಂತಿರುವುದು ಷಡ್ಜ ಮತ್ತು ಪ್ರತಿಮಧ್ಯಮದ ನಡುವಿನ ಅಂತರದ ಮೇಲೆ. ಯುರೋಪಿನ ಹಳೆಯ ಸಂಗೀತ ಪಂಡಿತರು ಅದನ್ನು ‘ಸಂಗೀತದೊಳಗಿನ ಸೈತಾನ’ ಎಂದು ಕರೆದರು. ನಮ್ಮಲ್ಲೋ, ಅದೇ ಪ್ರತಿಮಧ್ಯಮ ಕಲ್ಯಾಣಿ ರಾಗದ ಜೀವ. ಪಾಠಕ್ಕೆ ಹೋಗುವ ಪುಟ್ಟ ಮಕ್ಕಳೂ ಹಾಡುತ್ತಾರೆ.

ಕಡಿಮೆ ದುಡ್ಡಿನ ಭಯದ ಚಿತ್ರಗಳಿಗೆ ಈ ಗಿಟಾರು ಚೆನ್ನಾಗಿ ಒಗ್ಗಿತು. ಬಾವಾನ ಮಗ ಲ್ಯಾಂಬರ್ಟೊ 1985ರಲ್ಲಿ ‘ಡೀಮನ್ಸ್’ ಮಾಡಿದ. ಟಾಕೀಸಿನೊಳಗೆ ಪ್ರೇಕ್ಷಕರೇ ಒಬ್ಬೊಬ್ಬರಾಗಿ ದೆವ್ವವಾಗುವ ಕಥೆ, ಹಿಂದೆ ಮೆಟಲ್ ತಂಡಗಳ ಅಬ್ಬರ. ಅದೇ ವರ್ಷ ಅಮೆರಿಕದ ಸೆನೆಟ್‌ನಲ್ಲಿ ಇಂಥ ಹಾಡುಗಳು ಮಕ್ಕಳನ್ನು ಕೆಡಿಸುತ್ತವೆ ಎಂಬ ದೂರಿನ ವಿಚಾರಣೆ ನಡೆಯಿತು. 1986ರ ‘ಟ್ರಿಕ್ ಆರ್ ಟ್ರೀಟ್’ ಹೆತ್ತವರ ಈ ಭಯವನ್ನೇ ಬಂಡವಾಳ ಮಾಡಿಕೊಂಡಿತು. ಶಾಲೆಯಲ್ಲಿ ಪೆಟ್ಟು ತಿನ್ನುವ ಹುಡುಗನೊಬ್ಬ ರೆಕಾರ್ಡನ್ನು ಹಿಮ್ಮುಖ ತಿರುಗಿಸುತ್ತಾನೆ, ಸತ್ತ ಗಾಯಕ ಎದ್ದು ಬರುತ್ತಾನೆ. ಇದರಲ್ಲಿ ಮೆಟಲ್ಲನ್ನು ಬೈಯುವ ಪಾದ್ರಿಯ ವೇಷ ಹಾಕಿದವರು ಯಾರು ಗೊತ್ತೇ? ಬ್ಲ್ಯಾಕ್ ಸಬ್ಬತ್‌ನ ಗಾಯಕ, 2025ರಲ್ಲಿ ತೀರಿಕೊಂಡ ಓಝಿ ಆಸ್ಬೋರ್ನ್!

ನಮ್ಮ ಕೆರಾಡಿಯ ಸುತ್ತ ಚಿತ್ರೀಕರಣವಾದ ‘ಕಾಂತಾರ’ (2022) ದೆವ್ವದ ಚಿತ್ರವಲ್ಲ, ದೈವದ ಚಿತ್ರ. ಈ ವ್ಯತ್ಯಾಸವನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದರ ‘ವರಾಹ ರೂಪಂ’ ಹಾಡಿನಲ್ಲಿ ನಾಗಸ್ವರದ ಜತೆ ಮೊಳಗುವುದು ಇದೇ ಕರೆಂಟಿನ ಗಿಟಾರು. (ಹಾಡು ತಮ್ಮದನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋದ ಕಥೆ ಬೇರೆ.) ಆಗ ಅಜ್ಜಿಯಂದಿರೂ ಕೈಮುಗಿದು ಕೂತು ಕೇಳಿದರಲ್ಲ!

ಹಾಗಾಗಿ ಹೆತ್ತವರು ತಕರಾರು ಎತ್ತುವುದಾದರೆ ಸಿನಿಮಾದ ರಕ್ತಪಾತದ ಬಗ್ಗೆ ಎತ್ತಲಿ; ‘ಡೀಮನ್ಸ್’ ಪಿಯುಸಿ ಹುಡುಗರು ನೋಡುವಂಥದ್ದಲ್ಲ ಎಂದೇ ನನ್ನ ಮತ. ನಡುರಾತ್ರಿಯ ನಿದ್ದೆಗೇಡಿನ ಬಗ್ಗೆಯೂ ಎತ್ತಲಿ. ಗಿಟಾರಿನ ಪಾಡು ಬೇರೆಯೇ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ ಹದಿನೇಳನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ತಂತಿ ಒತ್ತುತ್ತಿದ್ದದ್ದು ಅದೇ ಕೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ನೋವಾಗದಿರಲೆಂದು ಶ್ರುತಿಯನ್ನೇ ಇಳಿಸಿದ. ಮಾಣಿಯ ಕೋಣೆಯಿಂದ ಬರುವ ಆ ಗಡಸು ದನಿ ಹುಟ್ಟಿದ್ದು ಹಾಗೆ.