ವೇದಿಕೆಗಿಂತ ಅಂಗಳ ದೊಡ್ಡದು

ಹೊರಗಿನಿಂದ ಬಂದು ನೆಲೆಸಿದವರ ಹಾಡು, ಕುಣಿತ, ಬಣ್ಣಗಳನ್ನು ಊರು ಮೆಚ್ಚಿ ಮೆರೆಸಬೇಕೇ? ಹಾಗೆ ಕೇಳಿದರೆ ಬೇಡ ಎನ್ನುವವರು ಕಡಿಮೆ. ಉತ್ಸವದಲ್ಲಿ ಅವರ ತಂಡಕ್ಕೆ ಇಪ್ಪತ್ತು ನಿಮಿಷ ಕೊಟ್ಟು, ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡರೆ ನಮ್ಮ ಉದಾರತೆಯ ಲೆಕ್ಕ ಚುಕ್ತಾ ಆಯಿತೆಂದು ನಂಬಿದ್ದೇವೆ. ನನ್ನ ತಕರಾರು ಅಲ್ಲಿಯೇ ಇದೆ. ವಲಸೆ ಬಂದವರ ಕಲೆಯನ್ನು ವೇದಿಕೆ ಹತ್ತಿಸುವುದು ಸುಲಭ. ಅದಕ್ಕೆ ನಮ್ಮ ಮನೆಯಂಗಳ ಬಿಟ್ಟುಕೊಡುವುದು ಕಷ್ಟ. ಊರಿನ ಸಂಬಂಧಗಳು ಬದಲಾಗುವುದು ಮಾತ್ರ ಆ ಕಷ್ಟದ ಕೆಲಸದಿಂದ.

ಈ ಮಾತಿಗೆ ಕಾರ್ಕಳ ಸೀಮೆಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಇಲ್ಲಿ 'ಮೂಲದವರು ಯಾರು' ಎಂದು ಕೆದಕುತ್ತ ಹೋದರೆ ಪದರದ ಕೆಳಗೆ ಇನ್ನೊಂದು ಪದರ. 1432ರಲ್ಲಿ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನ ಭೈರರಸ ಮನೆತನದ ಬೇರು ಘಟ್ಟದ ಮೇಲಿನ ಕಳಸದಲ್ಲಿದೆ. ಪಡುತಿರುಪತಿ ಎಂದು ಹೆಸರಾದ ವೆಂಕಟರಮಣ ದೇವಸ್ಥಾನದ ಸುತ್ತ ಪೇಟೆ ಬೆಳೆಸಿದ ಗೌಡ ಸಾರಸ್ವತರ ಹಿರಿಯರು ಗೋವೆಯ ಕಡೆಯಿಂದ ಬಂದವರು. ಕೊಂಕಣಿ ಕ್ರೈಸ್ತರ ದಾರಿಯೂ ಅದೇ. 1759ರಲ್ಲಿ ಆರಂಭವಾದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ಜಾತ್ರೆಗೆ ಇಂದು ಮೋಂಬತ್ತಿ ಹಿಡಿದು ಬರುವವರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ.

ಈ ಪದರಗಳು ಒಂದರೊಳಗೊಂದು ಬೆರೆತ ಬಗೆಗೆ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ಉಳಿಯೇ ಸಾಕ್ಷಿ. ಕೊಂಕಣಿ ಮನೆಮಾತಿನ ಈ ಶಿಲ್ಪಿ ಕಾರ್ಕಳದ ಬಂಡೆಯಲ್ಲಿ 39 ಅಡಿಯ ಬಾಹುಬಲಿಯನ್ನು ಕಡೆದರು. 1973ರಲ್ಲಿ ಆ ಏಕಶಿಲೆ ರಸ್ತೆ ಮೂಲಕ ಧರ್ಮಸ್ಥಳಕ್ಕೆ ಸಾಗಿತು, 1982ರಲ್ಲಿ ಅಲ್ಲಿ ಪ್ರತಿಷ್ಠೆಯಾಯಿತು. ವೈಷ್ಣವ ಪರಂಪರೆಯ ವಲಸಿಗ ಸಮುದಾಯದ ಒಬ್ಬರು ಜೈನರ ಆರಾಧ್ಯಮೂರ್ತಿಯನ್ನು ರೂಪಿಸಿದರು, ಅದು ನೆಲೆಗೊಂಡದ್ದು ಶೈವ ಕ್ಷೇತ್ರವೊಂದರಲ್ಲಿ. ಶೆಣೈ ಅವರ ಕೈಯಿಂದ 'ಕೊಂಕಣಿ ಅಸ್ಮಿತೆಯ ಕಲೆ' ಬೇಕೆಂದು ಯಾರೂ ಕೇಳಲಿಲ್ಲ. ಊರಿನ ಕೆಲಸವೊಂದನ್ನು ನಂಬಿ ಒಪ್ಪಿಸಿದರು. ಬಂದವರನ್ನು ನಮ್ಮವರೆಂದು ಒಪ್ಪಿಕೊಳ್ಳುವ ಒಂದು ಬಗೆ ಇದು.

ಇನ್ನೊಂದು ಬಗೆ ಕುಡುಬಿಯರ ಹೋಳಿ. ಕರಾವಳಿಯ ತುಳುವರಿಗೆ ಹೋಳಿ ದೊಡ್ಡ ಹಬ್ಬವಲ್ಲ. ಆದರೆ ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ದಕ್ಷಿಣಕ್ಕೆ ಸರಿದ ಕುಡುಬಿಯರು ಕುಂದಾಪುರ, ಬಾರ್ಕೂರು, ಕಾರ್ಕಳ, ಮೂಡುಬಿದಿರೆ ಕಡೆಯ ಕಾಡಂಚಿನಲ್ಲಿ ಬೀಡುಬಿಟ್ಟಾಗ ತಮ್ಮೊಡನೆ ಗುಮಟೆ ಎಂಬ ವಾದ್ಯವನ್ನೂ ಫಾಲ್ಗುಣದ ಹುಣ್ಣಿಮೆಯನ್ನೂ ತಂದರು. ಕುಮರಿ ಬೇಸಾಯ, ಕಾಚು ಕಾಯಿಸುವುದು ಅವರ ಬದುಕಾಗಿತ್ತು. ಜಮೀನು ಬೇರೆಯವರದು, ಕಾಡು ಸರಕಾರದ್ದು. ಅವರದೇ ಎನ್ನಲು ಉಳಿದದ್ದು ಕೂಡುಕಟ್ಟು ಎಂಬ ಸಮುದಾಯದ ಒಕ್ಕೂಟ, ಅದರ ಮುಖ್ಯಸ್ಥನಾದ ಗುರಿಕಾರನ ಮಾತು ಮತ್ತು ಹೋಳಿ. ಬಿಳಿ ನಿಲುವಂಗಿ ತೊಟ್ಟು, ಮುಂಡಾಸಿಗೆ ಅಬ್ಬಲಿಗೆ ಹೂ ಸುತ್ತಿ, ಮಣ್ಣಿನ ಗುಮಟೆ ಬಾರಿಸುತ್ತ ತಂಡ ಮನೆಯಿಂದ ಮನೆಗೆ ಹೋಗುತ್ತದೆ. ತುಳಸಿಕಟ್ಟೆಯ ಮುಂದೆ ಕುಣಿದು, ಮನೆಯವರನ್ನು ಹರಸಿ, ಅವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಕಾಣಿಕೆ ಪಡೆದು ಮುಂದಿನ ಮನೆಗೆ ನಡೆಯುತ್ತದೆ.

ಈ ಅಂಗಳದ ಭೇಟಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವರ್ಷವಿಡೀ ಕೂಲಿಗೆಂದು ಹಿಂಬಾಗಿಲಿಗೆ ಬರುತ್ತಿದ್ದವರು ಆ ದಿನ ಎದುರಿನಿಂದಲೇ ಬಂದು ಅಂಗಳದ ನಡುವೆ ನಿಲ್ಲುತ್ತಾರೆ. ಹರಸುವವರು ಅವರು, ಕೈಮುಗಿಯುವವರು ಮನೆಯ ಯಜಮಾನರು. ಕುಣಿತ ಮುಗಿಯುವವರೆಗೆ ಕಾಯುವುದು, ನೀರು ಬೆಲ್ಲ ಕೊಡುವುದು, ಗುರಿಕಾರನನ್ನು ಗೌರವದಿಂದ ಮಾತಾಡಿಸುವುದು ಮನೆಯವರ ಪಾಲಿನ ಕರ್ತವ್ಯವಾಗುತ್ತದೆ. ಇದರಿಂದ ಜಾತಿಯ ಮೆಟ್ಟಿಲುಗಳು ಕರಗಿಹೋದವೆಂದು ನಾನು ಹೇಳಲಾರೆ, ಹೋಗಲಿಲ್ಲ. ಆದರೆ ಕೊಡುವ ಕೈ, ಪಡೆಯುವ ಕೈ ಎರಡೂ ವರ್ಷಕ್ಕೊಮ್ಮೆ ಜಾಗ ಬದಲಿಸಿದವು. ವೇದಿಕೆಯ ಮೇಲಿನ ಇಪ್ಪತ್ತು ನಿಮಿಷದಲ್ಲಿ ಇದು ನಡೆಯದು. ಅಲ್ಲಿ ಪ್ರೇಕ್ಷಕನಿಗೆ ಚಪ್ಪಾಳೆಯ ಹೊರತು ಬೇರೆ ಹೊಣೆಯಿಲ್ಲ.

ವೇದಿಕೆಯ ವಿಷಯದಲ್ಲಿ ತುಳುನಾಡಿನವರಾದ ನಮಗೆ ಎರಡು ಅಳತೆಗೋಲುಗಳಿವೆ. 2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲೆ ದೈವದ ವೇಷ ಹಾಕಿ ಕಾಲೇಜು ವಾರ್ಷಿಕೋತ್ಸವಗಳಲ್ಲಿ ಕುಣಿಯುವುದನ್ನು ಕಂಡು ಇಲ್ಲಿಯ ಜನ ಸಿಟ್ಟಾದರು. ಅದು ಆರಾಧನೆ, ಅದಕ್ಕೆ ಕಾಲ, ಕಟ್ಟು, ಕಟ್ಟಳೆ ಇದೆ ಎಂದರು. ನ್ಯಾಯವಾದ ಮಾತು. ಹಾಗಾದರೆ ವ್ರತ ಹಿಡಿದು ಆಡುವ ಕುಡುಬಿಯರ ಹೋಳಿಯನ್ನು ಯಾವ ತಿಂಗಳಲ್ಲಾದರೂ, ಯಾವ ಮಂತ್ರಿಯ ಸ್ವಾಗತಕ್ಕಾದರೂ ಮೆರವಣಿಗೆಯಲ್ಲಿ ನಿಲ್ಲಿಸುವಾಗ ಅದೇ ಪ್ರಶ್ನೆ ನಮಗೇಕೆ ಏಳುವುದಿಲ್ಲ? ನಮ್ಮದು ಆರಾಧನೆ, ಅವರದು ಮನರಂಜನೆ ಎಂಬ ಎಣಿಕೆ ಒಳಗೆ ಎಲ್ಲೋ ಕುಳಿತಿದೆ. ಎಲ್ಲಿ, ಯಾವಾಗ, ಯಾರ ಮುಂದೆ ಕುಣಿಯಬೇಕೆಂದು ತೀರ್ಮಾನಿಸುವ ಅಧಿಕಾರ ಕಲಾವಿದರ ಸಮುದಾಯಕ್ಕೆ ಇರಬೇಕು. ಅದಿಲ್ಲದ ಮೆರವಣಿಗೆ ಬರಿ ಅಲಂಕಾರ.

ಲಂಡನ್ನಿನ ನಾಟಿಂಗ್ ಹಿಲ್ ಬಡಾವಣೆಯ ಕತೆಯೂ ಇದೇ ದಾರಿಯದು. 1958ರಲ್ಲಿ ಅಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದವರ ಮೇಲೆ ದಾಳಿಗಳಾದವು. ಮರುವರ್ಷ ಟ್ರಿನಿಡಾಡ್ ಮೂಲದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ ಸಭಾಂಗಣವೊಂದರಲ್ಲಿ ತಮ್ಮವರ ಕಾರ್ನಿವಲ್ ನಡೆಸಿದರು. 1966ರಲ್ಲಿ ಹಬ್ಬ ಬೀದಿಗೆ ಬಂತು. ಎಣ್ಣೆಯ ಪೀಪಾಯಿಗಳಿಂದ ಮಾಡಿದ ವಾದ್ಯಗಳು ಮನೆಗಳ ಮುಂದೆಯೇ ಮೊಳಗಿದವು. ಪೊಲೀಸರೊಡನೆ ಘರ್ಷಣೆ, ನೆರೆಹೊರೆಯ ದೂರು ಏನೂ ತಪ್ಪಲಿಲ್ಲ. ಆದರೂ ಸಭಾಂಗಣದಲ್ಲೇ ಉಳಿದಿದ್ದರೆ ಅದು ಒಂದು ಜನಾಂಗದ ಸಮಾರಂಭವಾಗಿ ಮುಗಿಯುತ್ತಿತ್ತು. ಬೀದಿಗೆ ಇಳಿದದ್ದರಿಂದ ಇಡೀ ನಗರದ ಹಬ್ಬವಾಯಿತು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಮನೆಗಳಿಂದಲೇ ಮುಂಬಯಿಗೆ ಹೋದವರಿದ್ದಾರೆ. ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಓದಿದ ಹುಡುಗರು ಅಲ್ಲಿ ಭಜನಾ ಮಂಡಳಿ ಕಟ್ಟಿದರು, ಯಕ್ಷಗಾನದ ತಂಡ ಕಟ್ಟಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು. ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. 1966ರಲ್ಲಿ ಹುಟ್ಟಿದ ಶಿವಸೇನೆ ದಕ್ಷಿಣದವರ ಮೇಲೆ ಹರಿಹಾಯ್ದಾಗ ಉಡುಪಿ ಹೋಟೆಲುಗಳೂ ಗುರಿಯಾಗಿದ್ದವು. ಪರಊರಿನಲ್ಲಿ ಚೆಂಡೆಯ ಸದ್ದು ಎಷ್ಟು ಧೈರ್ಯ ಕೊಡುತ್ತದೆಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ನೆನಪು ಇರುವ ನಾಡಿಗೆ ತನ್ನ ಊರಿಗೆ ಬಂದವರ ಹಲಿಗೆಯ ಬಡಿತ 'ಗಲಾಟೆ'ಯಾಗಿ ಕೇಳಿಸಬಾರದು.

ಈಗ ಕುಕ್ಕುಂದೂರಿನ ಮಾತಿಗೆ ಬರೋಣ. ಕಾರ್ಕಳ ಪೇಟೆಯ ಅಂಚಿನ ಈ ಗ್ರಾಮ, ಅದರಲ್ಲೂ ಜೋಡುರಸ್ತೆಯ ಸುತ್ತಮುತ್ತ, ಹಳ್ಳಿಯೂ ಅಲ್ಲದ ಪೇಟೆಯೂ ಆಗದ ಸ್ಥಿತಿಯಲ್ಲಿ ಬೆಳೆಯುತ್ತಿದೆ. ಇಂಥ ಕಡೆ ಮನೆ ಕಟ್ಟುವವರು, ಕೋರೆಯಲ್ಲಿ ಕಲ್ಲು ತೆಗೆಯುವವರು, ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವರು ಈಗ ಯಾರು? ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯವರು. ಒಡಿಶಾ, ಬಿಹಾರ, ಜಾರ್ಖಂಡದವರು. ಕನ್ನಡವೇ ಮನೆಮಾತಾದವರನ್ನೂ ನಾವು 'ಘಟ್ಟದವರು' ಎಂದು ಒಂದೇ ಮಾತಿನಲ್ಲಿ ಆಚೆ ಇಡುತ್ತೇವೆ. ಅವರ ದುಡಿಮೆ ಗೋಡೆಗಳಲ್ಲಿ ಕಾಣುತ್ತದೆ, ಅವರ ಹಾಡು ಎಲ್ಲೂ ಕೇಳುವುದಿಲ್ಲ.

ಗಮನಿಸಿ: ಇವರಲ್ಲಿ ಬಹುಪಾಲು ಜನರಿಗೆ ಹೋಳಿ ದೊಡ್ಡ ಹಬ್ಬ. ಬಾಗಲಕೋಟೆಯಲ್ಲಿ ದಿನಗಟ್ಟಲೆ ಹಲಿಗೆ ಬಡಿತ, ಬಣ್ಣದ ಬಂಡಿ. ಬಿಹಾರದವರಿಗೆ ಫಗುವಾ ಹಾಡುಗಳ ರಾತ್ರಿ. ನಾನೂರು ವರ್ಷಗಳ ಹಿಂದೆ ಬಂದವರ ಗುಮಟೆ, ನಿನ್ನೆ ಬಂದವರ ಹಲಿಗೆ ಎರಡೂ ಒಂದೇ ಹುಣ್ಣಿಮೆಗೆ ಕಾಯುತ್ತವೆ. ಈ ಊರಿಗೆ ಇದಕ್ಕಿಂತ ಸಹಜವಾದ ಕಲಾ ಉತ್ಸವವನ್ನು ಯಾವ ಇಲಾಖೆಯೂ ಯೋಜಿಸಲಾರದು.

ಆಕ್ಷೇಪಗಳಿಲ್ಲದೆ ಇಲ್ಲ. ಒಂದೊಂದು ಗುಂಪಿಗೂ ಅದರದರ ಕಲೆ ಎಂದರೆ ಗೋಡೆಗಳು ಇನ್ನಷ್ಟು ಗಟ್ಟಿಯಾಗುವುದಿಲ್ಲವೇ? ಆಗಬಹುದು, ಗುಂಪಿನೊಳಗೇ ನಡೆದರೆ. ಕುಡುಬಿಯರ ತಂಡ ಕುಡುಬಿಯರ ಮನೆಗಳಿಗೆ ಮಾತ್ರ ಹೋಗಿದ್ದರೆ ಅವರ ಹೆಸರೂ ಉಳಿದವರಿಗೆ ತಿಳಿಯುತ್ತಿರಲಿಲ್ಲ. ಸ್ಥಳೀಯ ಕಲೆ ಮಸುಕಾಗುವುದಿಲ್ಲವೇ? ಯಕ್ಷಗಾನ, ಕೋಲ, ಹುಲಿವೇಷಗಳು ನೂರಾರು ವರ್ಷ ಕೊಂಕಣಿ, ಮರಾಠಿ, ಉರ್ದು ಮಾತಿನ ನೆರೆಯಲ್ಲೇ ಬಾಳಿವೆ. ಹೊರಗಿನವರು ಬಂದದ್ದರಿಂದ ಅವು ಸೊರಗಲಿಲ್ಲ.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಗಟ್ಟಿಯಾದದ್ದು. ಕುಣಿತವನ್ನು ಹೊಗಳಿ ಹಕ್ಕನ್ನು ಮರೆಯುವ ಚಾಳಿ ನಮ್ಮದು. ಕುಡುಬಿಯರು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಅವರ ಗುಮಟೆಗೆ ಸಿಕ್ಕ ಚಪ್ಪಾಳೆಯ ಕಾಲುಭಾಗವೂ ಆ ಬೇಡಿಕೆಗೆ ಸಿಕ್ಕಿಲ್ಲ. ಇಂದಿನ ಕೂಲಿಯವರ ವಿಷಯವೂ ಹಾಗೆಯೇ. ಬಾಡಿಗೆ ಕೋಣೆಗೆ ಶೌಚಾಲಯವಿಲ್ಲದಿರುವಾಗ, ಕೆಲಸದ ಜಾಗದಲ್ಲಿ ಸುರಕ್ಷತೆಯಿಲ್ಲದಿರುವಾಗ ಗೋಡೆಯ ಮೇಲೆ ಅವರ ಚಿತ್ರ ಬರೆಸಿದರೆ ಯಾರಿಗೆ ಸಮಾಧಾನ? ಆದ್ದರಿಂದ ಕಲೆ ಹಕ್ಕಿನ ಬದಲಿಗೆ ಬರಬಾರದು, ಅದರ ಜೊತೆಗೆ ಬರಬೇಕು. ಆದರೆ ಜೊತೆಗೆ ಬರಲೇಬೇಕು. ಮುಖ ಪರಿಚಯವೇ ಇಲ್ಲದವರ ಹಕ್ಕಿನ ಪರವಾಗಿ ಗ್ರಾಮಸಭೆಯಲ್ಲಿ ಎದ್ದು ಮಾತಾಡುವವರು ಸಿಗುವುದಿಲ್ಲ.

ವಲಸಿಗರ ಕಲೆಯನ್ನು 'ಅಪ್ಪಟ'ವಾಗಿಯೇ ಇರಬೇಕೆಂದು ಒತ್ತಾಯಿಸುವುದೂ ಇನ್ನೊಂದು ಬಗೆಯ ಯಜಮಾನಿಕೆ. ಗುಮಟೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡವನ್ನು ವನ್ಯಜೀವಿ ಕಾನೂನು ಕಾಯತೊಡಗಿದ ಮೇಲೆ ಗೋವೆಯಲ್ಲಿ ಆಡಿನ ಚರ್ಮ ಬಳಕೆಗೆ ಬಂತು. 2019ರಲ್ಲಿ ಗೋವಾ ಸರಕಾರ ಅದೇ ವಾದ್ಯಕ್ಕೆ ರಾಜ್ಯದ ಪಾರಂಪರಿಕ ವಾದ್ಯವೆಂಬ ಮನ್ನಣೆ ಕೊಟ್ಟಿತು. ನಾದ ಸ್ವಲ್ಪ ಬದಲಾಯಿತು, ಗುಮಟೆ ಉಳಿಯಿತು. ಇಲ್ಲಿ ಹುಟ್ಟಿ ಬೆಳೆದ ಕೊಪ್ಪಳದ ಕೂಲಿಯವರ ಮಗಳು ತುಳುವಿನಲ್ಲಿ ಹಾಡಿದರೆ, ಹಲಿಗೆಯ ಬದಿಗೆ ತಾಸೆ ಸೇರಿಸಿದರೆ ಅದನ್ನೂ ಕಲಬೆರಕೆ ಎನ್ನಬಾರದು. ಅದು ಈ ಊರಿನಲ್ಲಿ ಅವಳ ಕಲೆ ಬೇರುಬಿಟ್ಟಿದ್ದಕ್ಕೆ ಗುರುತು.

ಆಗಬೇಕಾದ ಕೆಲಸ ದೊಡ್ಡದಲ್ಲ. ಪಂಚಾಯತು ಒಂದು ಮೈದಾನ, ಒಂದಿಷ್ಟು ಬೆಳಕು ಕೊಡಲಿ. ಕಾರ್ಯಕ್ರಮದ ಪಟ್ಟಿ ಬರೆಯುವುದು ಬೇಡ. ಕೂಲಿಯವರ ಮಕ್ಕಳು ಕಲಿಯುವ ಸರಕಾರಿ ಶಾಲೆಗಳು ವಾರ್ಷಿಕೋತ್ಸವದಲ್ಲಿ ಅವರ ತಾಯಂದಿರ ಹಾಡಿಗೆ ಜಾಗ ಮಾಡಲಿ. ಭಜನಾ ಮಂಡಳಿಗಳು, ಯುವಕ ಮಂಡಲಗಳು ಗಣೇಶೋತ್ಸವಕ್ಕೆ ಚಂದಾ ಕೇಳುವಾಗ ಮಾತ್ರ ಕೂಲಿಯವರ ಶೆಡ್ಡಿನ ಬಾಗಿಲು ತಟ್ಟದೆ, ಸಮಿತಿಯಲ್ಲೂ ಅವರಿಗೆ ಒಂದು ಕುರ್ಚಿ ಹಾಕಲಿ. ಉಳಿದದ್ದು ಮನೆಗಳ ಕೆಲಸ. ಬರುವ ಹೋಳಿಗೆ ಗುಮಟೆಯವರು ಬಂದಾಗ ಗೇಟು ತೆರೆಯುವ ಕೈಗಳು, ಹಲಿಗೆಯವರು ಬಂದಾಗಲೂ ತೆರೆಯಲಿ. ಒಳಗೆ ಕರೆಯಿರಿ, ಕುಣಿತ ಮುಗಿಯುವವರೆಗೆ ನಿಂತು ನೋಡಿ, ನೀರು ಬೆಲ್ಲ ಕೊಟ್ಟು, ಊರು ಯಾವುದೆಂದು ಕೇಳಿ.